ತಡೆ ಕಟ್ಟಿದ ಬಾಗಿಲು

ಭಾನುವಾರ ಬಂತೆಂದರೆ ಬ್ಲಿಯಾಳ ಮನೆಯ ಬಾಗಿಲಿಗೆ ತಡೆ ಬೀಳುತ್ತಿತ್ತು. ಬಿದಿರಿನ ಸೀಳುಗಳನ್ನು ನಕ್ಷತ್ರದ ಹಾಗೆ ಹೆಣೆದು, ಹಸಿರು ಸೊಪ್ಪಿನ ಜೊತೆ ಚೌಕಟ್ಟಿಗೆ ಸಿಕ್ಕಿಸಿದರೆ ಮುಗಿಯಿತು: ಒಳಗೆ ಬಾಣಂತಿಯೋ ಕಾಯಿಲೆಯವರೋ ಇದ್ದಾರೆ, ಹೊರಗಿನವರು ಕಾಲಿಟ್ಟರೆ ಮನೆದೈವ ಮುನಿಯುತ್ತದೆ ಎಂದರ್ಥ. ಲಾವೋಸಿನ ಈ ಬೆಟ್ಟದ ಮೊಂಗ್ ಊರುಗಳಲ್ಲಿ ತಡೆ ದಾಟುವ ಗಂಡು ಇನ್ನೂ ಹುಟ್ಟಿಲ್ಲ. ತಡೆ ಕಾಣದ ದಿನವೂ ಜನ ಅಂಗಳದಲ್ಲೇ ನಿಂತು, "ಮನೇಲಿ ತಡೆ ಇದೆಯಾ?" ಎಂದು ಕೇಳಿಯೇ ಹೊಸ್ತಿಲು ಮೆಟ್ಟುತ್ತಾರೆ.

ಬ್ಲಿಯಾಳಿಗೆ ದೈವಗಳ ಹಂಗು ತಪ್ಪಿ ಬಹಳ ಕಾಲವಾಗಿತ್ತು. ಗಂಡ ತೀರಿಕೊಂಡ ವರ್ಷ ಅವಳು ಏಸುವನ್ನು ನಂಬಿ, ಹಿಂಗೋಡೆಗೆ ಅಂಟಿಸಿ ಪೂಜಿಸುತ್ತಿದ್ದ ದೈವದ ಕಾಗದವನ್ನು ತಾನೇ ಕಿತ್ತು ಒಲೆಗೆ ಹಾಕಿದ್ದಳು. ಆದರೆ ಊರಿನ ಮುಖ್ಯಸ್ಥ ವಾಮೆಂಗನಿಗೆ ಏಸುವಿನ ಹೆಸರು ಕೇಳಿದರೆ ಮೈಯೆಲ್ಲ ಉರಿ. ಬೆಟ್ಟದಾಚೆಯ ಊರಿನಲ್ಲಿ ಪ್ರಾರ್ಥನೆಗೆ ಸೇರಿದವರ ಮನೆಯ ಕಂಬ ಕಿತ್ತು, ಮಳೆಯಲ್ಲಿ ಹೊರಗೆ ಅಟ್ಟಿದ್ದರು. ಹಾಗಾಗಿ ಸೊಸೆ ಪಾಂಗ್ ಹೆತ್ತಾಗ ಕಟ್ಟಿದ ತಡೆಯನ್ನು ಬ್ಲಿಯಾ ಬಾಣಂತನ ಮುಗಿದ ಮೇಲೂ ಎಸೆಯಲಿಲ್ಲ. ಒಂದು ವಾರ ಮಗುವಿಗೆ ಶೀತ, ಇನ್ನೊಂದು ವಾರ ತನಗೆ ಮಂಡಿನೋವು ಎಂಬ ನೆಪ. ನಂಬಿದ ನಾಲ್ಕಾರು ಜನ ನಸುಕಿನಲ್ಲೇ ಹಿತ್ತಿಲಿನಿಂದ ಒಳಗೆ ಸೇರಿಕೊಳ್ಳುತ್ತಿದ್ದರು. ಹಾಡು ಹೊರಗೆ ಕೇಳಬಾರದೆಂದು ಪಾಂಗ್ ಕಾಲಿನಿಂದ ತುಳಿಯುವ ಏತದ ಒರಳಿನಲ್ಲಿ ದಬದಬನೆ ಭತ್ತ ಕುಟ್ಟುತ್ತಿದ್ದಳು. ದೈವದ ಬೇಲಿಯೊಳಗೆ ದೇವರನ್ನು ಬಚ್ಚಿಟ್ಟ ಜಾಣತನಕ್ಕೆ ಬ್ಲಿಯಾ ಒಳಗೊಳಗೇ ಬೀಗುತ್ತಿದ್ದಳು ಎಂಬುದನ್ನೂ ಹೇಳಿಬಿಡಬೇಕು.

ಅವಳ ನಿದ್ದೆ ಕೆಡಿಸಿದವನು ನಾವ್‌ಚೂ. ಊರಿನ ಮಂತ್ರವಾದಿ ದೈವದ ಜೊತೆ ಮಾತಿಗೆ ಕೂತಾಗ ಪಕ್ಕದಲ್ಲಿ ಜಾಗಟೆ ಬಡಿಯುವವನು, ವಾಮೆಂಗ್ ಕರೆದರೆ ಊಟ ಬಿಟ್ಟು ಓಡುವವನು. ಅವನು ಪ್ರತಿ ಭಾನುವಾರ ಬೇಲಿಯಾಚೆಯ ಸೌದೆ ರಾಶಿಯ ಮೇಲೆ ಬಂದು ಕೂರುತ್ತಿದ್ದ. ಕೈಯಲ್ಲಿ ಕತ್ತಿ, ಒಂದು ಬಿದಿರ ತುಂಡು. ಕೆತ್ತಿದ್ದು ಏನೂ ಆಗುತ್ತಿರಲಿಲ್ಲ, ಕಣ್ಣು ಮಾತ್ರ ಬಾಗಿಲ ಮೇಲೆ. ಏತ ನಿಂತಾಗ ಅವನ ಕತ್ತಿಯೂ ನಿಲ್ಲುತ್ತಿತ್ತು. ಕಿವಿಗೊಟ್ಟು ಕೇಳುತ್ತಿದ್ದಾನೆ ಎನ್ನಲು ಬೇರೆ ಸಾಕ್ಷಿ ಯಾಕೆ ಬೇಕು? ಬ್ಲಿಯಾ ಗೋಡೆಯ ಸಂದಿನಿಂದ ಅವನನ್ನು ನೋಡಿ ನೋಡಿ, ಇವನೇ ನಮ್ಮ ಮನೆ ಮುರಿಸುವವನು ಎಂದು ತೀರ್ಮಾನಿಸಿಬಿಟ್ಟಳು. ದಾರಿಯಲ್ಲಿ ಸಿಕ್ಕಿ ಬಾಯಿ ತೆರೆದರೆ ಮುಖ ತಿರುಗಿಸಿ ನಡೆದುಬಿಡುತ್ತಿದ್ದಳು.

ಅಂಥ ಒಂದು ಭಾನುವಾರ ತೂಫೆಂಗ್ ಬಂದ. ಕೆಳಗಿನ ಪಟ್ಟಣದ ಕಡೆಯವನು, ಮಾತು ಬೆಣ್ಣೆ. ಅಂಗಳದಲ್ಲಿ ನಿಲ್ಲಲಿಲ್ಲ, ತಡೆ ಇದೆಯಾ ಎಂದು ಕೇಳಲಿಲ್ಲ, ನೇತಾಡುತ್ತಿದ್ದ ತಡೆಯ ಕೆಳಗೆ ತಲೆ ಬಗ್ಗಿಸಿ ಸೀದಾ ಒಳಗೆ ಬಂದ. ಒಳಗಿದ್ದವರ ಹಾಡು ಅರ್ಧಕ್ಕೇ ನಿಂತಿತು. ಬ್ಲಿಯಾಳ ಎದೆ ಮಾತ್ರ ಅರಳಿತು. ತಡೆಗೆ ಹೆದರದವನು ದೈವಕ್ಕೆ ಹೆದರದವನು, ದೈವಕ್ಕೆ ಹೆದರದವನು ನಮ್ಮವನೇ! ಅವನೂ ತಾನು ಏಸುವಿನವನು ಅಂದ, ಜೊತೆಗೆ ಅವಳ ಗಂಡನ ಲೀ ಕುಲದವನೇ ಅಂದ, ಚಿಕ್ಕಮ್ಮ ಅಂದ, ಎಲ್ಲರ ಜೊತೆ ಕಣ್ಣೀರಿಟ್ಟು ಹಾಡಿದ. ಅವಳು ಕೋಳಿ ಕೊಯ್ದು ಶುಂಠಿ ಹಾಕಿ ಬೇಯಿಸಿ ಬಡಿಸಿದಳು. ಉಣ್ಣುತ್ತ ಅವನು ಯಾರ್ಯಾರು ಬರುತ್ತಾರೆ, ಯಾರ ಮನೆ ಎಲ್ಲಿ, ಹೊಸಬರನ್ನು ಕರೆತರುವವರು ಯಾರು ಎಂದೆಲ್ಲ ವಿಚಾರಿಸಿದ. ಅವಳು ಎಲ್ಲವನ್ನೂ ಹೇಳಿದಳು.

ಅವನು ಹೋದ ಮೇಲೆ ಪಾಂಗ್ ಮಗುವಿಗೆ ಹಾಲೂಡಿಸುತ್ತ ಮೆಲ್ಲಗೆ ಅಂದಳು:

"ಅತ್ತೆ, ಆ ಮನುಷ್ಯ ಪ್ರಾರ್ಥನೆ ಮಾಡುವಾಗ ಒಂದು ಕಣ್ಣು ಬಿಟ್ಕೊಂಡೇ ಇದ್ದ."

"ನೀನು ಮುಚ್ಚಿದ್ದಿದ್ರೆ ನಿಂಗೆ ಹೆಂಗೆ ಗೊತ್ತಾಗ್ತಿತ್ತು?" ಎಂದು ಬ್ಲಿಯಾ ಸೊಸೆಯ ಬಾಯಿ ಮುಚ್ಚಿಸಿದಳು.

ಮತ್ತೊಂದು ಭಾನುವಾರ ಕಳೆಯುವಷ್ಟರಲ್ಲಿ ವಾಮೆಂಗನಿಂದ ಕರೆ ಬಂತು. ನಾವ್‌ಚೂ ಹಚ್ಚಿಕೊಟ್ಟಿದ್ದಾನೆ ಎಂದು ದಾರಿಯುದ್ದಕ್ಕೂ ಬ್ಲಿಯಾ ಹಲ್ಲು ಕಡಿಯುತ್ತಲೇ ಹೋದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪಾಂಗ್ ಹಿಂದೆ ಬಂದಳು. ಮುಖ್ಯಸ್ಥನ ಮನೆಯಲ್ಲಿ ಹಿರಿಯರು ಗಿಡ್ಡ ಸ್ಟೂಲುಗಳ ಮೇಲೆ ಸುತ್ತ ಕೂತಿದ್ದರು. ನಾವ್‌ಚೂ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ವಾಮೆಂಗನ ಬಲಗಡೆ, ಕೈಯಲ್ಲಿ ಸಾರಾಯಿ ಬಟ್ಟಲು ಹಿಡಿದು ಆರಾಮಾಗಿ ಕೂತಿದ್ದವನು ತೂಫೆಂಗ್.

ತಡೆಗೆ ಹೆದರದಿರಲು ಏಸುವನ್ನೇ ನಂಬಬೇಕೆಂದಿಲ್ಲ, ಯಾವುದನ್ನೂ ನಂಬದಿದ್ದರೂ ಸಾಕು ಎಂದು ಬ್ಲಿಯಾಳಿಗೆ ಆಗ ಹೊಳೆಯಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ವಾಮೆಂಗ್ ಕೂಗಾಡಲಿಲ್ಲ. ಯಾರ್ಯಾರು ಬರುತ್ತಾರೆಂಬುದನ್ನು ಒಬ್ಬೊಬ್ಬರ ಹೆಸರು ಹಿಡಿದು ತಾನೇ ಹೇಳಿದ. ಒಳಗೆ ನೀವು ಏನನ್ನು ಪೂಜಿಸಿದರೂ ನಾನು ಇಣುಕುವುದಿಲ್ಲ ಅಂದ. ಆದರೆ ಇನ್ನು ಮುಂದೆ ಹೊರಗಿನ ಒಂದೇ ಒಂದು ಕಿವಿಗೆ ಆ ಹೆಸರು ಬಿದ್ದರೂ ಮನೆಯ ಕಂಬ ಉಳಿಯುವುದಿಲ್ಲ, ಮಾಗಿದ ಭತ್ತವನ್ನೂ ಕೊಯ್ಯಲು ಬಿಡುವುದಿಲ್ಲ.

"ಯಾರಿಗೂ ಹೇಳಲ್ಲ ಅಂತ ಹಿರೀಕರ ಮುಂದೆ ಒಂದು ಮಾತು ಕೊಡಕ್ಕ. ಮನೆಗೆ ಹೋಗಿ ಮೊಮ್ಮಗೂನ ಆಡಿಸ್ಕೊಂಡಿರು."

ಬ್ಲಿಯಾ ಮಗುವನ್ನು ನೋಡಿದಳು. ಮಗ ದೂರದಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದಾನೆ, ಮಳೆ ಇನ್ನೂ ನಿಂತಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಪಾಂಗ್ ಕಣ್ಣೊರೆಸಿಕೊಂಡಳು.

ಅಂಗಳ ದಾಟುವಷ್ಟರಲ್ಲಿ ಹಿಂದೆ ಹೆಜ್ಜೆ ಸದ್ದಾಯಿತು. ನಾವ್‌ಚೂ.

"ದೊಡ್ಡಮ್ಮ, ನಿಲ್ಲಿ. ದಾರೀಲಿ ಸಿಕ್ಕಾಗೆಲ್ಲ ಕೇಳೋಣ ಅಂತ ಬಂದೆ, ನೀವು ಮುಖ ತಿರುಗಿಸ್ತಿದ್ರಿ. ಭಾನುವಾರ ಬಂದ್ರೆ ಬಾಗಿಲಲ್ಲಿ ತಡೆ. ತಡೆ ಇರೋ ಮನೆಗೆ ನಾನು ಹೆಂಗೆ ಕಾಲಿಡ್ಲಿ?"

ಅವನ ದೊಡ್ಡ ಮಗಳು ಜ್ವರದಲ್ಲಿ ಬಿದ್ದಾಗ ಅವನೇ ಜಾಗಟೆ ಬಡಿದಿದ್ದನಂತೆ, ಕೈ ಬಾತುಕೊಳ್ಳುವವರೆಗೆ. ಮಗು ಉಳಿಯಲಿಲ್ಲ. ಈಗ ದೈವದ ಕಣ್ಣು ಚಿಕ್ಕವಳ ಮೇಲಿದೆ ಎಂದು ಮಂತ್ರವಾದಿ ಹೇಳುತ್ತಿದ್ದಾನೆ. ಕತ್ತಲಾದರೆ ದೈವಕ್ಕೆ ಕೇಳಿಸೀತೆಂದು ಮಗಳ ಹೆಸರು ಹಿಡಿದು ಕರೆಯಲೂ ಅವನಿಗೆ ಭಯ.

"ನಿಮ್ಮ ಮನೇಲಿ ಹಾಡು ಕೇಳ್ತಿತ್ತು. ಹೆದರಿಕೆ ಇರೋರು ಹಂಗೆ ಹಾಡಲ್ಲ. ನಿಮಗೆ ಆ ಹೆದರಿಕೆ ಹೆಂಗೆ ಹೋಯ್ತು, ಅದೊಂದು ಹೇಳಿ."

ಬ್ಲಿಯಾ ಅವನ ಹೆಗಲ ಮೇಲಿಂದ ಹಿಂದೆ ನೋಡಿದಳು. ವಾಮೆಂಗ್ ಜಗಲಿಗೆ ಬಂದು ನಿಂತಿದ್ದ. ಅವನ ಹಿಂದೆ ತೂಫೆಂಗ್. ಮಾತು ಕೊಟ್ಟು ಬಾಯಿ ಆರುವ ಮೊದಲೇ ಪರೀಕ್ಷೆ ಶುರುವಾಯಿತೇ? ಮಂತ್ರವಾದಿಯ ಜಾಗಟೆಯವನು, ಮುಖ್ಯಸ್ಥನ ಕೈಯಾಳು, ಅವನ ಅಂಗಳದಲ್ಲೇ ನಿಂತು ಏಸುವನ್ನು ವಿಚಾರಿಸುತ್ತಾನೆಂದರೆ ಮಗುವೂ ನಂಬಲಾರದು. ಇವನ ಕಣ್ಣಲ್ಲಿ ನೀರಿತ್ತು, ನಿಜ. ತೂಫೆಂಗನೂ ಹಾಡುವಾಗ ಅತ್ತಿದ್ದ.

ಆದರೆ ಸುಳ್ಳಲ್ಲದಿದ್ದರೆ? ತಾನೇ ಬಾಗಿಲಿಗೆ ತಡೆ ಕಟ್ಟಿ, ಹೆದರಿದವನನ್ನೇ ಹೊರಗೆ ಕೂರಿಸಿ, ಹೆದರಿಕೆ ಹೋಗಲಾಡಿಸುವ ದೇವರನ್ನು ಒಳಗಿಟ್ಟುಕೊಂಡಿದ್ದಳು. ಅಷ್ಟು ಭಾನುವಾರ ಇವನು ಸೌದೆಯ ಮೇಲೆ ಕೂತೇ ಇದ್ದ. ಕಳ್ಳನನ್ನು ಕರೆದು ಕೋಳಿ ಬಡಿಸಿದವಳು ಇವನಿಗೆ ಒಂದು ಲೋಟ ನೀರು ಕೂಡ ಕೊಟ್ಟಿರಲಿಲ್ಲ. ಯಾರು ನಮ್ಮವರು ಎಂದು ಅಳೆಯಲು ಹೋಗಿ ಅವಳು ಎರಡು ಸಲ ಸೋತಿದ್ದಳು. ಮೂರನೆಯ ಸಲ ಅಳೆಯಲು ಅವಳಿಗೆ ಮನಸ್ಸಾಗಲಿಲ್ಲ.

ಅವಳು ಸೊಸೆಯ ಕಡೆ ತಿರುಗಿದಳು. ಹೋಗುವುದು ಇವಳ ಮನೆ, ಇವಳ ಮಗುವಿನ ಅನ್ನ. ಪಾಂಗ್ ಬಿಳಿಚಿಕೊಂಡಿದ್ದಳು. ಬೆನ್ನ ಮೇಲಿನ ಮಗುವನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡು, ಅಂಗಳದ ಅಂಚಿನ ಕಲ್ಲಿನ ಮೇಲೆ ಕೂತಳು.

"ಹೇಳಿ ಅತ್ತೆ."

ಬ್ಲಿಯಾಳೂ ಕೂತಳು. ನಾವ್‌ಚೂ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಅವಳು ದನಿ ತಗ್ಗಿಸಲಿಲ್ಲ.

"ನನ್ನ ಗಂಡ ಹೋದ ವರ್ಷ ನಾನೂ ನಿನ್ನ ಹಾಗೇ ಇದ್ದೆ ಕಣಪ್ಪ. ದೀಪ ಆರಿಸೋಕೂ ಭಯ. ಆಗ ನನಗೆ ಏಸುವಿನ ವಿಷಯ ಒಬ್ಬರು ಹೇಳಿದ್ರು..."

"ನಾವ್‌ಚೂ," ಜಗಲಿಯಿಂದ ವಾಮೆಂಗನ ದನಿ ಬಂತು, "ಎದ್ದು ಬಾ ಇಲ್ಲಿ. ಆ ಹೆಂಗಸಿನ ಮನೆ ಮುಗೀತು. ಬೆಳಿಗ್ಗೆ ಅದರ ಕಂಬ ಕೀಳೋಕೆ ಜನ ಕರ್ಕೊಂಡು ಬರಬೇಕು ನೀನು."

ಆ ದನಿಗೆ ಊಟ ಬಿಟ್ಟು ಓಡುತ್ತಿದ್ದ ನಾವ್‌ಚೂನ ಬೆನ್ನು ಅಭ್ಯಾಸಬಲದಿಂದ ಒಮ್ಮೆ ನೆಟ್ಟಗಾಯಿತು. ಬ್ಲಿಯಾ ಅವನನ್ನೇ ನೋಡುತ್ತಿದ್ದಳು. ಅವನು ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಕೂತಲ್ಲಿಂದಲೇ ಇನ್ನಷ್ಟು ಹತ್ತಿರ ಸರಿದ.

"ಒಬ್ಬರು ಹೇಳಿದ್ರು ಅಂದ್ರಲ್ಲ ದೊಡ್ಡಮ್ಮ," ಎಂದ, "ಏನು ಹೇಳಿದ್ರು?"