ಕಟ್ಟಿ ಬಗ್ಗಿಸಿದ ನೇರಳೆ

ಊರಿನ ಅಂಚಿನಲ್ಲಿ, ಎರಡು ದೊಡ್ಡ ವಿದ್ಯುತ್ ಟವರ್‌ಗಳ ನಡುವಿನ ಉದ್ದನೆಯ ಜಾಗದಲ್ಲಿ ಗಿಡದಕ್ಕನ ನರ್ಸರಿ ಇತ್ತು. ತಲೆಯ ಮೇಲೆ ಹೈಟೆನ್ಷನ್ ತಂತಿಗಳು, ಕಾಲ ಬಳಿ ಅವಳ ಕುಂಡಗಳು. ಅಲ್ಲಿ ಮನೆ ಕಟ್ಟುವಂತಿಲ್ಲ, ತಗಡಿನ ಶೆಡ್ಡು ಹಾಕುವಂತಿಲ್ಲ, ಲಾರಿ ತಂದು ನಿಲ್ಲಿಸುವಂತಿಲ್ಲ. ಯಾರಿಗೂ ಬೇಡದ ನೆಲ ಅಂತ ಊರವರು ಮೂಗು ಮುರಿಯುತ್ತಿದ್ದಾಗ ಗಿಡದಕ್ಕ ನೇರ ಲೈನ್ ಆಫೀಸಿಗೆ ಹೋಗಿ, ನನಗೆ ಕೊಡಿ ಅಂದಳು. ಕೊಟ್ಟರು. ಜೊತೆಗೆ ನಿಯಮಗಳನ್ನೂ ಕೊಟ್ಟರು. ಗಿಡವೆಲ್ಲ ಕುಂಡದಲ್ಲೇ ಇರಬೇಕು, ನೆಲಕ್ಕೆ ಬೇರು ಬಿಡಬಾರದು. ಯಾವ ಗಿಡವೂ ಹತ್ತಡಿ ಮೀರಬಾರದು. ಮಣ್ಣನ್ನು ಗುಡ್ಡೆ ಹಾಕಬಾರದು, ಏಕೆಂದರೆ ನೆಲ ಎತ್ತರವಾದಷ್ಟೂ ತಂತಿ ಹತ್ತಿರವಾಗುತ್ತದೆ. ಕ್ರೇನಂತೂ ಒಳಗೆ ಕಾಲಿಡುವಂತೆಯೇ ಇಲ್ಲ.

ಈ ನಿಯಮಗಳನ್ನು ಅವಳಷ್ಟು ಚೆನ್ನಾಗಿ ಪಾಲಿಸಿದವರು ಇಲ್ಲ, ಅವಳಷ್ಟು ಜಂಬದಿಂದ ಹೇಳಿದವರೂ ಇಲ್ಲ. ಗಿರಾಕಿಯೊಬ್ಬ ಮಾವಿನಕಾಯಿ ಕೀಳುವ ಕಬ್ಬಿಣದ ದೋಟಿ ಹಿಡಿದು ಬಂದರೆ ಗೇಟಿನಲ್ಲೇ ಕಿತ್ತು ಇಟ್ಟುಕೊಳ್ಳುತ್ತಿದ್ದಳು. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಿಡ ಕೊಂಡವರಿಗೂ ಬೈಗುಳ ತಪ್ಪುತ್ತಿರಲಿಲ್ಲ. ಕುಂಡವನ್ನು ಆಗಾಗ ಸರಿಸುತ್ತಿರಬೇಕು, ಇಲ್ಲದಿದ್ದರೆ ಅಡಿಯ ತೂತಿನಿಂದ ಬೇರು ಇಳಿದು ನೆಲ ಹಿಡಿಯುತ್ತದೆ, ಆಮೇಲೆ ಬಂದು ನನ್ನ ಮುಂದೆ ಅಳಬೇಡಿ ಅಂತ ಎಲ್ಲರಿಗೂ ಒಂದೇ ಪಾಠ.

ಆದರೆ ನರ್ಸರಿಯ ಹಿಂದಿನ ಮೂಲೆಯಲ್ಲಿ ಅವಳೇ ವರ್ಷಗಟ್ಟಲೆ ಸರಿಸದ ಕುಂಡವೊಂದಿತ್ತು. ಅದರಲ್ಲಿ ನೇರಳೆ ಗಿಡ.

ಅದು ಅವಳ ತಮ್ಮನದು. ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾರು ಏನು ಹೇಳಿದರೂ ಆಯ್ತು ಅನ್ನುವ ಆಸಾಮಿ. ಅದಕ್ಕೇ ಡಿಪೋದವರು ಅವನಿಗೆ ಆಯ್ತಪ್ಪ ಅಂತ ಹೆಸರಿಟ್ಟಿದ್ದರು. ಮನೆ ಕಟ್ಟಿಸಲು ಪಾಯ ತೆಗೆದಾಗ ಅವನು ಅಕ್ಕನ ನರ್ಸರಿಗೆ ಬಂದು, ಮೊಣಕಾಲುದ್ದದ ಈ ಸಸಿಯನ್ನು ತಾನೇ ಆರಿಸಿ, ಮನೆ ಮುಗಿದ ಮೇಲೆ ಅಂಗಳದಲ್ಲಿ ನೆಡೋಣ, ಅಲ್ಲೀವರೆಗೆ ಇಟ್ಟಿರು ಅಂದಿದ್ದ. ಅಕ್ಕನಿಗೆ ಹಿಗ್ಗೋ ಹಿಗ್ಗು. ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವವಳು ಅವಳು. ಸಾವಿರಾರು ಗಿಡ ಮಾರಿದ್ದಳು, ತನ್ನದು ಅನ್ನುವ ನೆಲದಲ್ಲಿ ಒಂದನ್ನೂ ನೆಟ್ಟಿರಲಿಲ್ಲ. ತಮ್ಮನ ಅಂಗಳವೆಂದರೆ ತನ್ನದೇ ಅಲ್ಲವೇ?

ಮನೆ ಮುಗಿಯಿತು. ಸಸಿಯ ಕುಂಡ ತೊಳೆದು, ಆಟೋದಲ್ಲಿಟ್ಟುಕೊಂಡು ಹೋಗಿ ನೋಡುತ್ತಾಳೆ, ಅಂಗಳದ ತುಂಬ ಟೈಲ್ಸ್! ಒಂದು ಹಿಡಿ ಮಣ್ಣು ಕಾಣುವ ಜಾಗವಿಲ್ಲ. ಗೇಟಿನ ಹೊರಗೇ ನಿಂತು ಬಾಯಿಗೆ ಬಂದಂತೆ ಅಂದಳು. ತಮ್ಮನ ಹೆಂಡತಿ ಒಳಗಿನಿಂದ ಬಂದವಳು, ನೇರಳೆ ಹಣ್ಣು ಉದುರಿದರೆ ಕಲೆ ಹೋಗುವುದಿಲ್ಲ, ಇಲ್ಲಿ ಆ ಮರ ಬೇಡ ಅಂದುಬಿಟ್ಟಳು. ಗಿಡದಕ್ಕ ಕುಂಡವನ್ನು ಮತ್ತೆ ಆಟೋಗೆ ಹತ್ತಿಸಿ, ನನ್ನ ಗಿಡ ಬೇಡ ಅಂದವರ ಹೊಸ್ತಿಲು ಜೀವ ಹೋದರೂ ತುಳಿಯುವುದಿಲ್ಲ ಅಂತ ಬೀದಿಗೆಲ್ಲ ಕೇಳುವಂತೆ ಹೇಳಿ ಬಂದಳು.

ಅಲ್ಲಿಂದ ಆರು ವರ್ಷ. ತಮ್ಮ ವಾರಕ್ಕೊಮ್ಮೆ ನರ್ಸರಿಗೆ ಬಂದು ಚಹಾ ಕುಡಿದು, ನೀರಿನ ಪೈಪು ಸೋರಿದರೆ ಸರಿಮಾಡಿ ಹೋಗುತ್ತಿದ್ದ. ಹಿಂದಿನ ಮೂಲೆಯ ಕಡೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಗಿರಾಕಿಗಳು ನೇರಳೆ ಕೇಳಿದರೆ ಗಿಡದಕ್ಕ, ಅದು ಮಾರಾಟವಾಗಿದೆ ಅನ್ನುತ್ತಿದ್ದಳು. ಕುಂಡ ಸರಿಸಬೇಕು ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಸರಿಸಲು ಹೋದಾಗಲೆಲ್ಲ, ಇರಲಿ ಬಿಡು, ಎಲ್ಲಾದರೂ ಒಂದು ಕಡೆ ಬೇರು ಬಿಡಲಿ ಅಂತ ಕೈಬಿಡುತ್ತಿದ್ದಳು. ಅದು ಬೇರು ಬಿಟ್ಟಿತು. ಕುಂಡ ಸೀಳಿತು. ಗಿಡ ಅವಳ ತಲೆ ಮೀರಿ, ಬಿದಿರಿನ ಏಣಿ ಮೀರಿ, ಹತ್ತಡಿಯ ಗೆರೆಯನ್ನೂ ಮೀರಿತು.

ಆಗ ಶುರುವಾಯಿತು ಕಳ್ಳಾಟ. ಆರು ತಿಂಗಳಿಗೊಮ್ಮೆ ಲೈನ್ ಇನ್‌ಸ್ಪೆಕ್ಟರು ಬಿಳಿ ಅಳತೆಗೋಲು ಹಿಡಿದು ತಪಾಸಣೆಗೆ ಬರುತ್ತಿದ್ದರು. ಸಮಾಧಾನದ ಮನುಷ್ಯ, ಸದ್ಯದಲ್ಲೇ ನಿವೃತ್ತರಾಗುವವರು, ಗುಲಾಬಿಯ ಹುಚ್ಚು. ಅವರು ಬರುವ ದಿನ ಗಿಡದಕ್ಕ ಬೆಳಿಗ್ಗೆಯೇ ನೇರಳೆಯ ತುದಿಗೆ ಹಗ್ಗ ಬಿಗಿದು, ಬಗ್ಗಿಸಿ, ಗೊಬ್ಬರದ ಮೂಟೆಗೆ ಕಟ್ಟುತ್ತಿದ್ದಳು. ಮೇಲೆ ನೆರಳುಬಲೆ ಎಳೆದರೆ ಮುಗಿಯಿತು. ಇನ್‌ಸ್ಪೆಕ್ಟರು ಗುಲಾಬಿ ನೋಡಿಕೊಂಡು, ಎಲ್ಲ ಸರಿಯಿದೆ ಅಂತ ಹೋಗುತ್ತಿದ್ದರು. ತುದಿ ಕತ್ತರಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ದಿನವಿಡೀ ಕತ್ತರಿ ಹಿಡಿದಿರುತ್ತಿದ್ದ ಆ ಕೈ ಈ ಒಂದು ಗಿಡಕ್ಕೆ ಮಾತ್ರ ಏಳುತ್ತಿರಲಿಲ್ಲ, ಏನು ಮಾಡುವುದು?

ಈ ಸಲ ಹಗ್ಗ ಕೈಕೊಟ್ಟಿತು. ಹಳೆಯ ಸೆಣಬಿನ ಹಗ್ಗ, ನೀರು ಕುಡಿದು ಕುಡಿದು ಲಡ್ಡಾಗಿತ್ತು. ಇನ್‌ಸ್ಪೆಕ್ಟರು ಸರಿಯಾಗಿ ಆ ಮೂಲೆಯ ಪಕ್ಕದಲ್ಲೇ ಬಗ್ಗಿ ಗುಲಾಬಿ ಮೂಸುತ್ತಿದ್ದಾಗ ಅದು ಪಟ್ಟನೆ ಕಡಿದುಹೋಯಿತು. ನೇರಳೆ ನೆರಳುಬಲೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಸುಯ್ಯನೆ ಎದ್ದು ನಿಂತಿತು.

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಮೇಲೆ ಕೆಳಗೆ ನೋಡಿದರು. ಕುಂಡವನ್ನು ಕಾಲಿನಿಂದ ಒತ್ತಿ ನೋಡಿದರು. ಅದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಇಷ್ಟು ದಿನ ನಾನು ಬಂದಾಗೆಲ್ಲ ಬಗ್ಗಿ ನಮಸ್ಕಾರ ಮಾಡ್ತಿದ್ದದ್ದು ಇದೇ ಏನಕ್ಕಾ?" ಅಂದರು.

ಗಿಡದಕ್ಕ ಕಡಿದ ಹಗ್ಗದ ತುಂಡನ್ನು ಸೆರಗಿನಡಿ ಮುಚ್ಚಿಕೊಂಡಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು; ಅವರು ಬೈಯಲಿಲ್ಲ. ಮೂಟೆಯ ಮೇಲೆ ಕುಳಿತು ನಿಧಾನವಾಗಿ ವಿವರಿಸಿದರು. ಬೇಸಿಗೆಯಲ್ಲಿ ತಂತಿ ಕಾದು ಜೋಲುತ್ತದೆ. ಮರ ತಂತಿಗೆ ತಾಗಲೇಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು, ಕರೆಂಟ್ ಹಾರಿ ಬರುತ್ತದೆ. ಆ ಹೊತ್ತಿನಲ್ಲಿ ಕೆಳಗೆ ನೀರು ಹಾಕುತ್ತಾ ನಿಂತಿರುವುದು ನೀನೇ ತಾನೇ ಅಂತ ಕೇಳಿದರು. ಸೋಮವಾರದೊಳಗೆ ಗಿಡ ಹೋಗಬೇಕು, ಬೇರು ಸಮೇತ. ಇಲ್ಲದಿದ್ದರೆ ನರ್ಸರಿಯ ಅನುಮತಿಯೇ ಹೋಗುತ್ತದೆ, ಅದನ್ನು ತಡೆಯುವುದು ತನ್ನ ಕೈಯಲ್ಲಿಲ್ಲ ಅಂದರು. ಹೊರಡುವಾಗ, ಕಡಿಯಲು ಬೇಕಾದರೆ ಆಳು ಕಳಿಸುತ್ತೇನೆ ಅಂತಲೂ ಹೇಳಿದರು.

ಬೇಡ ಅಂದಳು. ಅವತ್ತು ಗಿರಾಕಿಗಳಿಗೆ ಬೈಗುಳ ಬೀಳಲಿಲ್ಲ. ಏನೋ ಮೈ ಸರಿಯಿಲ್ಲ ಅಂದುಕೊಂಡು ಹೋದರು.

ಸಂಜೆ ತಮ್ಮ ಬಂದ. ಅವಳು ಎಲ್ಲವನ್ನೂ ಹೇಳಿದಳು. ಗಿಡವನ್ನು ಸುತ್ತ ಅಗೆದು, ಮಣ್ಣಿನ ಗಡ್ಡೆ ಸಮೇತ ಎತ್ತಬಹುದು. ಕ್ರೇನ್ ಇಲ್ಲದಿದ್ದರೂ ಹಲಗೆಯ ಮೇಲೆ ಮಲಗಿಸಿ ರಸ್ತೆಗೆ ಎಳೆಯಬಹುದು. ಬದುಕಿದರೂ ಬದುಕೀತು. ಆದರೆ ಎತ್ತಿ ಎಲ್ಲಿ ಇಡುವುದು? ಬಾಡಿಗೆ ಕೋಣೆಯ ಬಾಲ್ಕನಿಯಲ್ಲೇ? ಪಾರ್ಕಿನವರನ್ನು ಕೇಳಿದರೆ ಹಣ್ಣಿನ ಮರ ಬೇಡ ಅಂದಿದ್ದರು. ಉಳಿದದ್ದು ಒಂದೇ ಜಾಗ, ಅದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ತಮ್ಮನೇ ಎಂದಿನಂತೆ ಅಂದ, "ಆಯ್ತು ಬಿಡು, ನಮ್ಮನೇಲಿ ನೆಡೋಣ."

"ನಿನ್ನ ಆಯ್ತು ನಂಬಿಯೇ ಇಷ್ಟೆಲ್ಲ ಆಗಿದ್ದು. ಆ ಮಾತು ನಿನ್ನ ಹೆಂಡತಿ ಹೇಳಲಿ."

ತಮ್ಮ ಚಹಾದ ಲೋಟ ಕೆಳಗಿಟ್ಟ. ನೇರಳೆಯನ್ನೇ ನೋಡುತ್ತಾ ಕುಳಿತ. ಆರು ವರ್ಷದಲ್ಲಿ ಅವನು ಅದನ್ನು ದಿಟ್ಟಿಸಿ ನೋಡಿದ್ದು ಅದೇ ಮೊದಲು.

"ಹಾಗಾದ್ರೆ ನೀನೇ ಬಂದು ಕೇಳು," ಅಂದ.

ಆಯ್ತು ಅಲ್ಲದ ಮಾತು ಅವನ ಬಾಯಿಂದ ಬಂದದ್ದು ಕೇಳಿ ಅವಳಿಗೆ ದಿಗಿಲಾಯಿತು. ಎರಡು ದಿನ ಹಟ ಹಿಡಿದು ಕುಳಿತಳು. ಮೂರನೆಯ ದಿನ ಸೋಮವಾರಕ್ಕೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿಕೊಂಡು, ಕೈಕಾಲು ತೊಳೆದು, ಒಳ್ಳೆಯ ಸೀರೆ ಉಟ್ಟು ಹೊರಟಳು. ತನ್ನ ಮಾತನ್ನು ತಾನೇ ನುಂಗಲು ಹೋಗುವಾಗ ಸೀರೆಯಾದರೂ ಚೆನ್ನಾಗಿರಲಿ ಅಂತ.

ಗೇಟು ತೆರೆದೇ ಇತ್ತು. ಅಂಗಳದ ಉದ್ದಕ್ಕೂ ಹಗ್ಗ. ಹಗ್ಗದ ತುಂಬ ಬಿಳಿ ಶರ್ಟುಗಳು, ಚಿಕ್ಕವು, ಶಾಲೆಯ ಮಕ್ಕಳವು. ತಮ್ಮನ ಹೆಂಡತಿ ಹೊಲಿಯುವವಳು ಅನ್ನುವುದು ಅವಳಿಗೆ ಗೊತ್ತಿತ್ತು. ಏನು ಹೊಲಿಯುತ್ತಾಳೆ, ಹೊಲಿದದ್ದನ್ನು ತೊಳೆದು ಎಲ್ಲಿ ಒಣಗಿಸುತ್ತಾಳೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ನೇರಳೆಯ ಒಂದು ಹಣ್ಣು ಬಿದ್ದರೆ ಒಂದು ಶರ್ಟು ಹಾಳು. ಇಷ್ಟನ್ನು ಅವಳು ಗೇಟಿನ ಬಳಿ ನಿಂತೇ ಅರ್ಥ ಮಾಡಿಕೊಂಡಳು, ಮುಖ ಬಿಸಿಯಾಯಿತು.

ಹೊಲಿಗೆ ಯಂತ್ರದ ಸದ್ದು ನಿಂತಿತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ತಮ್ಮನ ಹೆಂಡತಿ ಬಾಗಿಲಿಗೆ ಬಂದಳು, ಹಿಂದೆ ತಮ್ಮ. ಗಿಡದಕ್ಕ ಹೊಸ್ತಿಲ ಈಚೆಯೇ ನಿಂತು, ಬಂದ ವಿಷಯವನ್ನು ಒಂದೇ ಉಸಿರಿಗೆ ಹೇಳಿದಳು. ಆಮೇಲೆ, ಬೇಡ ಅಂದರೂ ಈ ಸಲ ಕೋಪವಿಲ್ಲ, ಶರ್ಟು ನೋಡಿದೆ ಅಂದಳು.

ತಮ್ಮನ ಹೆಂಡತಿ ಕೊರಳಿನ ಟೇಪು ತೆಗೆದು ಕೈಗೆ ಸುತ್ತಿಕೊಂಡಳು.

"ಅಕ್ಕ, ಟೈಲ್ಸ್ ಹಾಕಿಸುವಾಗ ಇಲ್ಲೊಂದು ಗಿಡ ಬರುತ್ತೆ ಅಂತ ನಂಗೆ ಯಾರೂ ಹೇಳಿರಲಿಲ್ಲ. ನೀವು ಬೈಯೋಕೆ ಶುರು ಮಾಡಿದ ಮೇಲೇ ಗೊತ್ತಾಗಿದ್ದು. ಇವರನ್ನ ಕೇಳಿದ್ದೆ, ಅಂಗಳಕ್ಕೆಲ್ಲ ಟೈಲ್ಸ್ ಹಾಕ್ಸೋಣ್ವಾ ಅಂತ. ಆಯ್ತು ಅಂದ್ರು."

ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಆಯ್ತಪ್ಪ ನಾಲಿಗೆ ಕಚ್ಚಿಕೊಂಡು, ಟೈಲ್ಸ್ ಒಡೆಯಲು ಹಾರೆ ತರುತ್ತೇನೆ ಅಂತ ಪಕ್ಕದ ಮನೆಗೆ ಜಾರಿಕೊಂಡ. ಆರು ವರ್ಷದ ಜಗಳಕ್ಕೆ ಕಾರಣನಾದವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ್ದು ಕಂಡು ಗಿಡದಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಎಷ್ಟು ದಿನ ಸುಮ್ಮಸುಮ್ಮನೆ ಹೋಯಿತಲ್ಲ ಅಂತ ಸಂಕಟವೂ ಆಯಿತು.

ತಮ್ಮನ ಹೆಂಡತಿ ಗೇಟಿನ ಪಕ್ಕದ ಮೂಲೆ ತೋರಿಸಿದಳು. ಅಲ್ಲಿನ ಟೈಲ್ಸ್ ಹೇಗೂ ಟೊಳ್ಳಾಗಿವೆ, ಒಡೆದರೆ ನಷ್ಟವಿಲ್ಲ, ಶರ್ಟಿಗೂ ದೂರ. ಗಿಡದಕ್ಕ ಅಲ್ಲಿ ಹೋಗಿ ನಿಂತು ತಲೆ ಎತ್ತಿ ನೋಡಿದಳು. ಬೀದಿಯ ಕಂಬದಿಂದ ಮನೆಗೆ ಬರುವ ವೈರು ನೇರ ಆ ಮೂಲೆಯ ಮೇಲೆ ಹಾದಿತ್ತು. ಹಿಂದಿನ ವಾರವಾಗಿದ್ದರೆ ಕಂಡೂ ಕಾಣದಂತೆ ಸುಮ್ಮನಿರುತ್ತಿದ್ದಳೋ ಏನೋ. ಈಗ ತಲೆಯಾಡಿಸಿದಳು. ಇಲ್ಲಿ ಬೇಡ, ವೈರಿನ ಕೆಳಗೆ ಮರ ನೆಡಬಾರದು, ನಾಳೆ ಇನ್ನೊಬ್ಬರು ಅದನ್ನು ಕಟ್ಟಿ ಬಗ್ಗಿಸಬೇಕಾಗುತ್ತದೆ ಅಂದಳು.

ಹಾಗಾದರೆ ಉಳಿದದ್ದು ಅಂಗಳದ ನಡುವೆ, ಹಗ್ಗ ಇರುವ ಕಡೆಯೇ. ಅದನ್ನು ಕೇಳಲು ಗಿಡದಕ್ಕನಿಗೆ ಬಾಯಿ ಬರಲಿಲ್ಲ. ಆಗಲಿ, ಯಾರಾದರೂ ತೋಟದವರು ಸಿಗುತ್ತಾರೆ, ನೋಡುತ್ತೇನೆ ಅಂತ ಗೇಟಿನ ಕಡೆ ಹೆಜ್ಜೆ ಹಾಕಿದಳು. ಹಿಂದೆ ಕ್ಲಿಪ್ಪುಗಳು ಒಂದೊಂದಾಗಿ ಬಕೆಟ್ಟಿಗೆ ಬೀಳುವ ಸದ್ದು ಕೇಳಿ ತಿರುಗಿದಳು. ತಮ್ಮನ ಹೆಂಡತಿ ಶರ್ಟುಗಳನ್ನು ತೆಗೆದು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಹಗ್ಗದ ಗಂಟನ್ನೂ ಬಿಚ್ಚಿ, ಸುತ್ತಿ, ಅವಳ ಕೈಗಿಟ್ಟಳು.

"ನೈಲಾನಿಂದು, ಗಟ್ಟಿ ಇದೆ. ಗಿಡ ಕಟ್ಟಿ ತರೋಕೆ ಆಗುತ್ತೆ. ಬಟ್ಟೆ ತಾರಸಿ ಮೇಲೆ ಹಾಕ್ಕೋತೀನಿ."

ಭಾನುವಾರ ಗಿಡ ಬಂತು. ಹಲಗೆಯ ಮೇಲೆ ಮಲಗಿಸಿ ಎಳೆಯುವಾಗ ಇನ್‌ಸ್ಪೆಕ್ಟರು ರಜೆಯಿದ್ದರೂ ಬಂದು, ತಂತಿಯ ಕೆಳಗೆ ಯಾರೂ ಗಿಡವನ್ನು ಎತ್ತಿ ನಿಲ್ಲಿಸದಂತೆ ಕಾವಲು ನಿಂತರು. ಗಾಡಿ ಹೊರಡುವಾಗ ಒಂದು ಗುಲಾಬಿ ಕೇಳಿ ತೆಗೆದುಕೊಂಡರು. ಅಂಗಳದ ನಡುವೆ ಟೈಲ್ಸ್ ಒಡೆದು ತೆಗೆದ ಗುಂಡಿಯಲ್ಲಿ ನೇರಳೆ ನಿಂತಿತು, ಅರ್ಧ ಎಲೆ ಸವರಿದ ಬೋಳು ಬೋಳು ಗಿಡ. ತಾಯಿಬೇರು ಕಡಿದಿದೆ, ಉಳಿದ ಎಲೆಯೂ ಉದುರುತ್ತದೆ, ಹೆದರಬೇಡಿ, ಮೂರು ತಿಂಗಳು ನೀರು ಮಾತ್ರ ತಪ್ಪಬಾರದು ಅಂತ ಗಿಡದಕ್ಕ ಹೇಳಿದಳು.

ತಮ್ಮನ ಹೆಂಡತಿ ಪೈಪು ಕೈಯಲ್ಲಿ ಹಿಡಿದು ನಿಂತಿದ್ದಳು. ಅದನ್ನು ಹಾಗೇ ಕೆಳಗಿಟ್ಟಳು.

"ನಂಗೆ ಅದೆಲ್ಲ ಬರಲ್ಲ ಅಕ್ಕ. ಹೆಚ್ಚುಕಮ್ಮಿ ಮಾಡಿಬಿಡ್ತೀನಿ. ದಿನಾ ನೀವೇ ಬಂದು ಹಾಕಿ."

ನೀರು ಹಾಕುವುದನ್ನು ಗಿಡದಕ್ಕ ಈವರೆಗೆ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳೋ ಲೆಕ್ಕವಿಲ್ಲ. ಎರಡು ನಿಮಿಷದ ಕೆಲಸ. ಇವಳಿಗೆ ಹೇಳಿಕೊಡಲಿಲ್ಲ.

"ಬೆಳಿಗ್ಗೆ ಬೇಗ ಬರ್ತೀನಿ," ಅಂದಳು. ಕಾಲಿನ ಮಣ್ಣು ತೊಳೆದುಕೊಂಡು, ಹೊಸ್ತಿಲು ದಾಟಿ, ಕೈ ಒರೆಸಲು ಬಟ್ಟೆ ಎಲ್ಲಿದೆ ಅಂತ ಕೇಳುತ್ತಾ ಒಳಗೆ ಹೋದಳು.