ವಸಂತಪುರದ ಕಲ್ಲುಮನೆ

ವಸಂತಪುರದಲ್ಲಿ ದಾರಿ ಕೇಳಿದರೆ ಈಗಿನವರು ಅಪಾರ್ಟ್‌ಮೆಂಟುಗಳ ಹೆಸರು ಹೇಳುತ್ತಾರೆ. ಹಳಬರು ಮಾತ್ರ ಇನ್ನೂ "ಕಲ್ಲುಮನೆ ಹತ್ರ ಎಡಕ್ಕೆ ತಿರುಗಿ" ಅನ್ನುತ್ತಾರೆ. ಅಲ್ಲಿ ಒಲೆ ಉರಿದು ಎಷ್ಟೋ ವರ್ಷಗಳಾದವು. ಗೋಡೆ ಕಲ್ಲಿನದು, ಕಂಬ ಕಲ್ಲಿನದು, ತಲೆಯ ಮೇಲಿರುವುದೂ ಕಲ್ಲುಚಪ್ಪಡಿಯೇ. ಒಳಗೆ ಬಾವಲಿಗಳು, ಅಂಗಳದಲ್ಲಿ ಎಕ್ಕದ ಗಿಡ, ಜಗಲಿಯ ಮೇಲೆ ಯಾರೋ ಕುಡಿದು ಬಿಸಾಕಿದ ಎಳನೀರು ಬುರುಡೆ.

ಆ ಬುಧವಾರ ಬೆಳಿಗ್ಗೆ ಅದನ್ನು ಕೆಡವಲು ಜೆಸಿಬಿ ಬಂದು ನಿಂತಿತ್ತು. ಮನೆ ಗೌರೀಶಂಕರನ ಪಾಲಿನದು. ಕೋಣನಕುಂಟೆ ಕ್ರಾಸಿನಲ್ಲಿ ಅವನದು ಟೈಲ್ಸ್ ಅಂಗಡಿ. ಬಿಲ್ಡರ್ ಜೊತೆ ಮಾತೆಲ್ಲ ಮುಗಿದು ಒಂದು ಶಾಸ್ತ್ರ ಮಾತ್ರ ಉಳಿದಿತ್ತು. ಆ ಮನೆತನದಲ್ಲಿ ಹೊಸ್ತಿಲು ಇಡುವುದಿರಲಿ, ಕೀಳುವುದಿರಲಿ, ಮೊದಲು ಮನೆಯ ಹೆಣ್ಣುಮಗಳು ಅದಕ್ಕೆ ಅರಿಶಿನ ಹಚ್ಚಬೇಕು. ಹಾಗಾಗಿ ಅಕ್ಕ ಕಮಲಾದೇವಿಗೆ ಹೇಳಿ ಕಳಿಸಿದ್ದ. ಅವಳೋ, ಕೆಡವಬೇಡವೆಂದು ಫೋನಿನಲ್ಲಿ ಹೇಳಿ ಹೇಳಿ ಸೋತವಳು. ಆದರೂ ಜಯನಗರದಿಂದ ಆಟೋ ಹಿಡಿದು ಬಂದಳು.

"ಅಕ್ಕ, ಮುಖ ಊದಿಸ್ಕೊಂಡು ಅರಿಶಿನ ಹಚ್ಬೇಡ. ಕಲ್ಲಿಗೂ ಬೇಜಾರಾಗುತ್ತೆ."

"ಅಷ್ಟು ಗೊತ್ತಿದ್ದೂ ಆ ರಾಕ್ಷಸನ್ನ ಯಾಕಪ್ಪ ಕರೆಸಿದ್ದೀಯ?" ಕಮಲಾದೇವಿ ಜೆಸಿಬಿ ಕಡೆ ಗದ್ದ ಎತ್ತಿ ತೋರಿಸಿದಳು.

"ಮತ್ತೇನು, ಬಾವಲಿ ಸಾಕ್ಕೊಂಡು ಕೂತ್ಕೊಳ್ಲಾ?"

ಅಷ್ಟರಲ್ಲಿ ಜೆಸಿಬಿ ಓಡಿಸುವ ಮೌನೇಶ ಮನೆಯನ್ನು ಒಂದು ಸುತ್ತು ಹಾಕಿ ಬಂದ. ರಾಯಚೂರು ಕಡೆಯವನು, ಬಿಟಿಎಮ್ ಬಡಾವಣೆಯಲ್ಲಿ ಬಾಡಿಗೆಗಿದ್ದ.

"ಅಲ್ರೀ ಸಾವ್ಕಾರ್ರ, ಈ ಗ್ವಾಡಿಗೆ ಸಿಮೆಂಟ ಹಾಕಿಲ್ಲೇನ್ರಿ? ಸಂದ್ಯಾಗ ಉಗುರು ಸೈತ ಹೋಗವಲ್ದು."

"ಸಿಮೆಂಟಾ?" ಗೌರೀಶಂಕರ ನಕ್ಕ. "ನಮ್ ತಾತನ ಕಾಲದಲ್ಲಿ ಎಲ್ಲಯ್ಯ ಸಿಮೆಂಟು? ಕಲ್ಲಿನ ಮೇಲೆ ಕಲ್ಲು ಕೂರಿಸಿರೋದು. ಬಂಡೆ ಮೇಲೆ ಬೆಂಕಿ ಹಾಕಿ, ಕಾಯಿಸಿ, ಚಪ್ಪಡಿ ಎಬ್ಬಿಸ್ತಿದ್ರು. ಎತ್ತಿನ ಗಾಡೀಲಿ ತಂದ್ರು. ಮೇಲಕ್ಕೆ ಏರಿಸೋಕೆ ಇಡೀ ಊರೇ ಬಂದಿತ್ತಂತೆ, ನಮ್ಮಜ್ಜಿ ಅಷ್ಟೂ ಜನಕ್ಕೆ ಮುದ್ದೆ ತೊಳಸಿ ಹಾಕಿದ್ರು. ಬಾ ಇಲ್ಲಿ, ಈ ಕಂಬ ಮುಟ್ಟು. ಮೇ ತಿಂಗಳಲ್ಲೂ ಹಿಂಗೇ ತಣ್ಣಗಿರುತ್ತೆ."

"ನಮ್ ಕಡಿ ಇಂಥಾ ಮನ್ಯಾಗ ಗೌಡ್ರು ಇರ್ತಾರ್ರೀ."

"ಇಲ್ಲಿ ನಾವಿದ್ವಿ," ಅಂದ ಗೌರೀಶಂಕರ, ಎದೆ ತುಂಬಿ.

"ಅಂಗಡೀಲಿ ಟೈಲ್ಸ್ ಮಾರುವಾಗ್ಲೂ ನೀನು ಇಷ್ಟು ಹೊಗಳಿದ್ದು ಕೇಳಿಲ್ಲ ಕಣೋ," ಎಂದಳು ಅಕ್ಕ.

ಅವನ ಹೆಂಡತಿ ವಾರಿಜಾ ಮೊರ ಹಿಡಿದು ಬಂದಳು. "ರೀ, ರಾಹುಕಾಲ ಬಂದುಬಿಡುತ್ತೆ. ಬನ್ನಿ, ಮಡಿಲಕ್ಕಿ ತುಂಬೋಣ."

ಕಮಲಾದೇವಿ ಹೊಸ್ತಿಲು ತೊಳೆದು ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಸೆರಗು ಒಡ್ಡಿ ನಿಂತಳು. ವಾರಿಜಾ ಅಕ್ಕಿ, ಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಹಾಕಿದಳು. ಹೀಗೆ ಮಡಿಲು ತುಂಬುವಾಗ ಒಡಹುಟ್ಟಿದವನು "ಏನು ಬೇಕು ಕೇಳು" ಅನ್ನಬೇಕು, ಹೆಣ್ಣುಮಗಳು "ನೀವು ಚೆನ್ನಾಗಿರಿ, ಅಷ್ಟೇ ಸಾಕು" ಅನ್ನಬೇಕು. ಮದುವೆಯಾದಂದಿನಿಂದ ಪ್ರತಿ ಗೌರಿಹಬ್ಬಕ್ಕೂ ಇದೇ ಮಾತು, ಇದೇ ಉತ್ತರ. ಗೌರೀಶಂಕರ ಜೆಸಿಬಿ ಕಡೆ ನೋಡುತ್ತಲೇ ಕೇಳಿದ.

"ಏನು ಬೇಕು ಕೇಳಕ್ಕ."

"ಈ ಮನೆ ಹೀಗೇ ನಿಲ್ಲಬೇಕು."

ಅವನು ತಿರುಗಿ ನೋಡಿದ. "ಅಕ್ಕ, ಅದು ಬಾಯಿಮಾತು. ಶಾಸ್ತ್ರಕ್ಕೆ ಕೇಳೋದು."

"ಹೊಸ್ತಿಲ ಮೇಲೆ ನಿಲ್ಲಿಸಿ ಕೇಳಿದ್ದೀಯ. ಇಷ್ಟು ವರ್ಷ ನಾನು ಏನೂ ಕೇಳಿಲ್ಲ. ಈಗಲೂ ಪಾಲು ಕೇಳ್ತಿಲ್ಲ. ಹಿಂದೆ ಕೊಟ್ಟಿಗೆಯಿಂದ ಹುಣಸೆಮರದ ತನಕ ಜಾಗ ಬಿದ್ದಿದೆ, ಎಷ್ಟು ಮಹಡಿ ಬೇಕೋ ಕಟ್ಕೊ. ಇದನ್ನ ಮುಟ್ಬೇಡ."

"ಯಾರೂ ಇಲ್ಲದ ಮನೆ ಇಟ್ಕೊಂಡು ಏನು ಮಾಡ್ಲಿ?"

"ಈಗ ಆ ಹುಡುಗನ ಕೈ ಹಿಡಿದು ತೋರಿಸಿದ್ಯಲ್ಲ, ಹಾಗೆ ತೋರಿಸು. ಕೆಡವಿದ ಮೇಲೆ ನಮ್ಮ ತಾತ ಕಟ್ಟಿದ್ದು ಅಂತ ಏನನ್ನ ಮುಟ್ಟಿ ಹೇಳ್ತೀಯ?"

ಗೌರೀಶಂಕರ ಹೆಂಡತಿಯ ಮುಖ ನೋಡಿದ.

"ನನ್ನ ನೋಡ್ಬೇಡಿ," ಅಂದಳು ವಾರಿಜಾ. "ತುಂಬಿದ ಮಡಿಲಿಂದ ಅಕ್ಕಿ ವಾಪಸ್ ತಗೊಳ್ಳೋ ಕೆಲಸ ನನ್ನ ಕೈಲಿ ಆಗಲ್ಲ."

ಅವನು ಜಗಲಿಯ ಮೇಲೆ ಕೂತ. ಬಿಲ್ಡರ್‌ಗೆ ಕೊಟ್ಟ ಮಾತು ಒಂದು ಕಡೆ, ಅಕ್ಕನಿಗೆ ಆಡಿದ ಮಾತು ಇನ್ನೊಂದು ಕಡೆ. ಅವನ ಕೈ ತಾನಾಗಿಯೇ ಪಕ್ಕದ ಕಂಬವನ್ನು ಸವರುತ್ತಿತ್ತು.

"ಹೆಂಗ್ರೀ ಸಾವ್ಕಾರ್ರ, ಶುರು ಮಾಡ್ಲೇನು?" ಮೌನೇಶ ಕೇಳಿದ.

"ಗಾಡಿ ಹಿಂದಕ್ಕೆ ತಗೊಂಡ್ಹೋಗು. ಕೊಟ್ಟಿಗೆ ಬೀಳಿಸು, ಅಷ್ಟೇ." ಗೌರೀಶಂಕರ ಎದ್ದು ನಿಂತ. "ನಿಧಾನ ಮಾರಾಯ. ಗೋಡೆಗೆ ತಾಗೀತು."

ಆಮೇಲೆ ಅಂಗಳಕ್ಕೆ ಇಳಿದು ಬಿಲ್ಡರ್‌ಗೆ ಫೋನ್ ಮಾಡಿದ. ಅಕ್ಕನೂ ವಾರಿಜಾಳೂ ಕಿವಿ ಅಲ್ಲೇ ಇಟ್ಟಿದ್ದರು.

"ಸಾರ್, ಪ್ಲಾನ್ ಸ್ವಲ್ಪ ಬದಲಾಯಿಸ್ಬೇಕು. ಕಲ್ಲುಮನೆ ನಿಲ್ಲುತ್ತೆ... ಇಲ್ಲ, ಯಾರೂ ಹೇಳ್ಕೊಟ್ಟಿದ್ದಲ್ಲ, ನನಗೇ ಅನ್ನಿಸ್ತು... ಮಹಡಿ ಕಮ್ಮಿ ಆದ್ರೆ ಆಗ್ಲಿ ಬಿಡಿ..."

ವಾರಿಜಾ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಆಚೆಯವರು ಏನಂದರೋ, ಗೌರೀಶಂಕರನ ದನಿ ಏರಿತು.

"ಹಾಳು ಮನೆ ಅನ್ಬೇಡಿ ಸಾರ್. ಒಂದ್ಸಲ ಬಂದು ನೋಡಿ, ಆಮೇಲೆ ಮಾತಾಡಿ."