ಬಣ್ಣ ಹತ್ತದ ಚಿಪ್ಪುಗಳು

"ದೋಣಿಯಿಂದ ಬಗ್ಗಿ ನೋಡಿದ್ರೆ ಇಪ್ಪತ್ತಡಿ ಕೆಳಗಿನ ಹವಳದ ಕೊಂಬೆಗಳು ಕಾಣ್ತವೆ ಕಣ್ರೀ. ನೀರು ಇದೆ ಅಂತಾನೇ ಅನ್ಸಲ್ಲ," ಎಂದಳು ಜಲಜಾಕ್ಷಿ, ಅನ್ನ ಬಡಿಸುತ್ತ.

ನಾರಾಯಣಮೂರ್ತಿ ತಲೆಯೆತ್ತದೆ ಹುಳಿ ಕಲಸಿದ. ಅವಳು ಲಕ್ಷದ್ವೀಪದಿಂದ ಬಂದು ಎರಡು ತಿಂಗಳಾಗಿತ್ತು. ಮುಖದ ಬಿಸಿಲುಗಪ್ಪು ಇಳಿದಿದ್ದರೂ ಬಾಯಲ್ಲಿ ಇನ್ನೂ ಆ ನೀರೇ. ಸಾಗರ ಊರಿನ ಕಾಲೇಜಿನಲ್ಲಿ ಇಬ್ಬರೂ ಪ್ರಾಣಿಶಾಸ್ತ್ರದ ಅಧ್ಯಾಪಕರು. ಆ ಹವಳದ ದಿಬ್ಬದ ಸಮೀಕ್ಷೆಗೆ ಇಬ್ಬರೂ ಅರ್ಜಿ ಹಾಕಿದ್ದರು, ಕರೆ ಬಂದದ್ದು ಅವಳಿಗೆ. ಮದುವೆಯ ಹೊಸತರಲ್ಲಿ ಆಗುಂಬೆಗೆ ಕರೆದೊಯ್ದು, ದೂರದ ಸಮುದ್ರದ ಗೆರೆಯನ್ನು ಅವಳಿಗೆ ಮೊದಲು ತೋರಿಸಿದವನು ತಾನು. ಈಗ ಸಮುದ್ರವೆಂದರೇನೆಂದು ಅವಳೇ ತನಗೆ ಹೇಳಿಕೊಡುತ್ತಿದ್ದಳು.

ಮಂಗಳವಾರ ಅವಳು ಪಣಜಿಗೆ ಹೊರಡಬೇಕಿತ್ತು, ವಿಚಾರ ಸಂಕಿರಣಕ್ಕೆ. ಅವಳ ಪ್ರಬಂಧದ ತಿರುಳು ಸರಳ. ಕಡಲ ತಳದ ಮರಳಿನಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪಿನ ಏಕಕೋಶ ಜೀವಿಗಳಿರುತ್ತವೆ. ಅವುಗಳಲ್ಲಿ ಕೊಂಚ ದೊಡ್ಡ ಜಾತಿಯವು ಹವಳದಂತೆಯೇ ಒಡಲಲ್ಲಿ ಪಾಚಿ ಸಾಕಿಕೊಂಡು ಬದುಕುತ್ತವೆ. ಅವು ಹೇರಳವಾಗಿದ್ದರೆ ದಿಬ್ಬ ಕ್ಷೇಮ. ನೀರು ಕೆಟ್ಟರೆ ಅವು ಅಳಿದು, ಪುಡಿ ಜಾತಿಗಳು ಹೆಚ್ಚುತ್ತವೆ. ಅವಳು ಒಣಗಿಸಿ ತಂದ ಮರಳಿನ ತುಂಬ ದೊಡ್ಡ ಚಿಪ್ಪುಗಳೇ ಇದ್ದವು; ಹಾಗಾಗಿ ದಿಬ್ಬ ಕ್ಷೇಮವೆಂದು ಅವಳ ತೀರ್ಮಾನ.

ಭಾನುವಾರ ಅವಳು ತೀರ್ಥಹಳ್ಳಿಗೆ, ತಾಯಿಯನ್ನು ನೋಡಲು ಹೋದಳು. ಅವನು ಕಾಲೇಜಿನ ಲ್ಯಾಬಿನ ಬೀಗ ತೆಗೆದ. ತಪ್ಪು ಹುಡುಕಲೆಂದೇ ಬಂದೆ ಎಂಬುದನ್ನು ತನ್ನಿಂದ ತಾನೇ ಮುಚ್ಚಿಡಲಾಗಲಿಲ್ಲ. ಅವಳ ಮರಳಿನ ಮಾದರಿಗಳ ಪೆಟ್ಟಿಗೆಯ ಮೂಲೆಯಲ್ಲಿ, ಪುರುಸೊತ್ತಾದಾಗ ನೋಡೋಣವೆಂದು ಅವಳು ಬಿಟ್ಟಿದ್ದ ಬಾಟಲಿಯಿತ್ತು. ಅದೇ ಜಾಗದ ಮರಳು, ದೋಣಿಯಲ್ಲೇ ಗುಲಾಬಿ ಬಣ್ಣ ಬೆರೆಸಿಟ್ಟದ್ದು. ಮರಳು ತೆಗೆದಾಗ ಜೀವವಿದ್ದವುಗಳಿಗೆ ಮಾತ್ರ ಆ ಬಣ್ಣ ಹತ್ತುತ್ತದೆ.

ಜೋಗ ಇಷ್ಟು ಹತ್ತಿರವಿದ್ದೂ ಕರೆಂಟು ಎರಡು ಸಲ ಹೋಯಿತು. ಮೂರನೆಯ ಸಲ ಸೂಕ್ಷ್ಮದರ್ಶಕದ ದೀಪ ಹತ್ತಿದಾಗ ಅವನು ಉಸಿರು ಹಿಡಿದ. ದೊಡ್ಡ ಚಿಪ್ಪುಗಳೆಲ್ಲ ಬಿಳಿ. ಸವೆದು ಟೊಳ್ಳಾದ, ಎಂದೋ ಸತ್ತವು. ಗುಲಾಬಿಯಾಗಿದ್ದದ್ದು ಪುಡಿ ಜಾತಿಗಳು ಮಾತ್ರ.

ಎದೆಯೊಳಗೆ ಏನೋ ತಂಪಾಯಿತು. ಬಾಟಲಿ ಮುಚ್ಚಿ ಮನೆಗೆ ಬಂದ. ಸಂಜೆಯ ಬಸ್ಸಿನಲ್ಲಿ ಬಂದ ಅವಳಿಗೆ ಕಾಫಿಯನ್ನೂ ಮಾಡಿಕೊಟ್ಟ. ವಿಷಯ ಮಾತ್ರ ಹೇಳಲಿಲ್ಲ.

ಸೋಮವಾರ ಲ್ಯಾಬಿನಲ್ಲೇ, ಪೂರ್ವಾಭ್ಯಾಸವೆಂದು, ಪ್ರಿನ್ಸಿಪಾಲ್ ರಾಮಚಂದ್ರಪ್ಪನವರ ಮುಂದೆ, ಸಹೋದ್ಯೋಗಿಗಳ ಮುಂದೆ ಅವಳು ಪ್ರಬಂಧ ಓದಿ ಮುಗಿಸಿದಳು. ಚಪ್ಪಾಳೆ ನಿಲ್ಲುವುದನ್ನೇ ಕಾದು ಅವನು ಎದ್ದ.

"ಬಣ್ಣದ ಬಾಟ್ಲಿ ತೆಗ್ದು ನೋಡಿದ್ದೀರಾ ಮೇಡಂ? ನೀವು ಲೆಕ್ಕ ಹಾಕಿದ್ದೆಲ್ಲ ಹೆಣ."

ಯಾರೋ ನಕ್ಕು, ತಕ್ಷಣ ಸುಮ್ಮನಾದರು. ಜಲಜಾಕ್ಷಿ ಕಾಗದ ಕೆಳಗಿಟ್ಟಳು. "ಯಾವಾಗ ನೋಡಿದ್ರಿ?"

"ನಿನ್ನೆ."

"ನಿನ್ನೆ," ಎಂದಳು.

"ಒಳ್ಳೇದೇ ಆಯ್ತಲ್ಲಮ್ಮ, ಅಲ್ಲಿ ಹೋಗಿ ಮುಖಭಂಗ ಆಗೋದು ತಪ್ತು. ತಿದ್ಕೊಂಡು ಹೋಗಿ," ಎಂದು ರಾಮಚಂದ್ರಪ್ಪನವರು ಎದ್ದರು. ಉಳಿದವರೂ ಅವರ ಹಿಂದೆ ಹೊರಬಿದ್ದರು.

ಅವಳು ಬಾಟಲಿ ತಂದು, ತಟ್ಟೆಗೆ ಸುರಿದು, ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಬೈಯಲೆಂದು ಅವನು ಕಾದ. ಬೈದರೆ ಉತ್ತರಗಳು ಸಿದ್ಧವಾಗಿದ್ದವು. ಮಸೂರದಿಂದ ಕಣ್ಣು ತೆಗೆಯದೆಯೇ ಅವಳು ಮೆಲ್ಲಗೆ ಹೇಳಿದಳು:

"ನಾನು ಅಲ್ಲಿ ಈಜ್ತಿದ್ದಾಗ್ಲೇ ಆ ದಿಬ್ಬ ಸಾಯ್ತಾ ಇತ್ತು ಅಂತಾಯ್ತು. ಅಷ್ಟು ಚೆನ್ನಾಗಿ ಕಾಣ್ತಿತ್ತು."

"ಜಲಜಾ, ನಾನು..."

ಅವಳಿಗೆ ಕೇಳಿಸಲಿಲ್ಲ. ಮಸೂರದ ಗಾಜು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿ, ಮತ್ತೆ ಬಗ್ಗಿ, ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದಳು. ಅವನು ಅವಳ ಬೆನ್ನ ಹಿಂದೆ ನಿಂತೇ ಇದ್ದ.